ನನ್ನ ಗಂಡನ ಕಣ್ಣು ಚೆನ್ನಾಗಿವೆ ಎಂದು ಬರೆದುಕೊಟ್ಟವರಿಗೆ

ಮಾನ್ಯ ನೇತ್ರಾಧಿಕಾರಿಗಳೇ,

ಇವತ್ತು ಸೋಮವಾರ, ನನಗೆ ಒಪ್ಪತ್ತು. ಸೆಗಣಿ ಬಳಿದು, ಎಮ್ಮೆ ಹಿಂಡಿ, ಅಂಗಳ ಸಾರಿಸಿ, ಪೂಜೆ ಮುಗಿಸಿ ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಉಪವಾಸದ ದಿನ ಸುಳ್ಳು ಆಡಬಾರದು, ಅದಕ್ಕೇ ಈ ದಿನವನ್ನು ಆರಿಸಿಕೊಂಡೆ. ಮಾತು ಇಷ್ಟೇ. ನನ್ನ ಗಂಡನಿಗೆ ಎಡಗಡೆ ಕಾಣುವುದಿಲ್ಲ. ಎರಡೂ ಕಣ್ಣು ಚೆನ್ನಾಗಿವೆ, ಗಾಡಿ ಓಡಿಸಲು ಯೋಗ್ಯರು ಎಂದು ನಮ್ಮೂರಿನ ಶಿಬಿರದಲ್ಲಿ ನೀವು ಬರೆದುಕೊಟ್ಟಿದ್ದೀರಿ. ಅದನ್ನು ವಾಪಸು ತೆಗೆದುಕೊಳ್ಳಿ.

ಗಂಡನ ಹೆಸರನ್ನು ಬಾಯಿಂದ ಹೇಳುವ ರೂಢಿ ನನಗಿಲ್ಲ, ಕಾಗದದ ಮೇಲೆ ಬರೆಯುತ್ತೇನೆ: ಈರಬಸಪ್ಪ. ಮೂರು ಗಾಲಿಯ ಟಂಟಂ ಓಡಿಸುತ್ತಾರೆ. ಮೆಣಸಿನಕಾಯಿ, ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳನ್ನು ಹೊಲಕ್ಕೆ ಒಯ್ದು ಬಿಟ್ಟು ಸಂಜೆಗೆ ತರುವುದು ಅವರ ಕಸುಬು. ಹೋದ ವರ್ಷ ಕಡಲೆ ಬಿತ್ತುವ ಹೊತ್ತಿಗೆ ಅವರಿಗೆ ಲಕ್ವಾ ಹೊಡೆಯಿತು. ಬಾಯಿ ಸೊಟ್ಟಗಾಗಿದ್ದು ನೆಟ್ಟಗಾಯಿತು, ಕೈಕಾಲು ತಿರುಗಿ ಬಂದವು. ಊರೆಲ್ಲ ಬಂದು ದೇವರು ದೊಡ್ಡವನು ಎಂದಿತು. ನಾನೂ ಎಂದೆ.

ಆಮೇಲೆ ಊಟದ ತಟ್ಟೆಯಲ್ಲಿ ಅರ್ಧ ಉಳಿಯತೊಡಗಿತು. ಬಲಗಡೆಯ ರೊಟ್ಟಿ ತಿಂದು "ಏನಲೇ, ಇವತ್ತ ಪಲ್ಯಾ ಮಾಡಿಲ್ಲೇನು?" ಎನ್ನುವರು. ಪಲ್ಯ ಎಡಗಡೆ ಹಾಗೇ ಇರುತ್ತಿತ್ತು. ನಾನು ತಟ್ಟೆ ತಿರುಗಿಸಿದರೆ "ಈಗ ಎಲ್ಲಿಂದ ಬಂತದು?" ಎಂದು ನನ್ನನ್ನೇ ನೋಡುವರು. ಒಂದು ಮುಂಜಾನೆ ಪೂಜೆಗೆ ಕುಳಿತರು. ನಮ್ಮಲ್ಲಿ ಎಡ ಅಂಗೈಯಲ್ಲಿ ಲಿಂಗ ಹಿಡಿದು ಬಲಗೈಯಿಂದ ಹೂವು, ವಿಭೂತಿ ಏರಿಸುತ್ತಾರೆ. ಅವರು ಏರಿಸಿದ ಹೂವು ಒಂದೊಂದೂ ಅಂಗೈಯ ಬಲಕ್ಕೆ ತೊಡೆಯ ಮೇಲೆ ಬೀಳುತ್ತಿತ್ತು.

"ಏ, ಲಿಂಗ ಎಲ್ಲೈತಿ?" ಎಂದರು.

"ಕೈಯಾಗ ಐತಲ್ರಿ."

"ಯಾರ ಕೈಯಾಗ?"

ಹುಟ್ಟಿದಾಗಿನಿಂದ ಕೊರಳಲ್ಲಿ ಕಟ್ಟಿಕೊಂಡ ಲಿಂಗ. ನಮ್ಮ ಮಠದ ಅಯ್ಯನವರನ್ನು ಕೇಳಿದೆ. ಅವರು ಒಳ್ಳೆಯವರು, ತಿಳಿದಷ್ಟು ಹೇಳಿದರು: "ಚಿತ್ತ ಚಲಿಸೇತಿ ತಂಗಿ. ಅವರ ಸಲುವಾಗಿ ನೀ ಸೋಮವಾರ ಹಿಡಿ." ಹಿಡಿದೆ. ಇವತ್ತಿನ ಒಪ್ಪತ್ತೂ ಅದೇ. ಲಿಂಗ ಕಾಣದವನಿಗೆ ಭಕ್ತಿ ಕಡಿಮೆಯಾಗಿದೆ ಎಂದು ನನ್ನ ಮನೆಯವರೆಲ್ಲ ನಂಬಿದರು, ನಾನೂ ನಂಬಿದೆ. ಒಂದು ದಿನ ಸುಮ್ಮನೆ ಅವರ ಆ ಅಂಗೈಯನ್ನು ಹಿಡಿದು ಮೆಲ್ಲಗೆ ಬಲಕ್ಕೆ ಸರಿಸಿದೆ. "ಇಲ್ಲೇ ಐತಲ್ಲ!" ಎಂದು ಹಣೆ ಹಚ್ಚಿದರು. ಅವರ ಕಣ್ಣಲ್ಲಿ ನೀರು ಬಂತು. ನನಗೆ ಬರಲಿಲ್ಲ. ಅವತ್ತಿನಿಂದ ನನಗೆ ಯಾವುದಕ್ಕೂ ಅಷ್ಟಾಗಿ ಬರುತ್ತಿಲ್ಲ.

ಹುಬ್ಬಳ್ಳಿಗೆ ಕರೆದೊಯ್ದೆ. ಮೆದುಳಿನ ಡಾಕ್ಟರಮ್ಮ ಅವರ ಎದುರು ಕುಳಿತು ತನ್ನ ಎರಡೂ ಕೈ ಅಗಲಿಸಿ ಬೆರಳು ಅಲ್ಲಾಡಿಸಿದಳು. ಬಲಗಡೆಯದು ಹೇಳಿದರು. ಎಡಗಡೆಯದಕ್ಕೆ ಸುಮ್ಮನೆ ಕುಳಿತರು. ಆಕೆ ನನಗೆ ಹೇಳಿದಳು: "ಕಣ್ಣು ಕೆಟ್ಟಿಲ್ಲವ್ವಾ. ಕಣ್ಣು ತಂದಿದ್ದನ್ನ ತಗೊಳ್ಳೋ ಮೆದುಳಿನ ಜಾಗ ಕೆಟ್ಟೈತಿ. ಎಡಗಡೆ ಒಂದು ಜಗತ್ತು ಐತಿ ಅನ್ನೂದ ಅವರಿಗೆ ಮರತೈತಿ. ಗಾಡಿ ಮುಟ್ಟಗೊಡಬ್ಯಾಡ." ಹಾಗಾದರೆ ಅಲ್ಲಿ ಅವರಿಗೆ ಕತ್ತಲೆ ಕಾಣುತ್ತದೆಯೇ ಎಂದು ಕೇಳಿದೆ. "ನಿನ್ನ ಬೆನ್ನ ಹಿಂದ ನಿನಗ ಕತ್ತಲಿ ಕಾಣಸ್ತೈತೇನು?" ಎಂದಳು. ಇಲ್ಲ. ಅವರಿಗೂ ಹಾಗೆ. ಕತ್ತಲೆ ಕಂಡಿದ್ದರೆ ಹೆದರಿ ಮನೆಯಲ್ಲಿ ಕೂಡುತ್ತಿದ್ದರು.

ಆದರೂ ಕೆಲವು ತಿಂಗಳು ಕುಳಿತರು, ಡಾಕ್ಟರಮ್ಮನ ಮಾತಿಗೆ. ಆಗ ನಿಮ್ಮ ಶಿಬಿರ ಬಂತು, ಮಾನ್ಯರೇ. ಶಾಲೆಯ ಗೋಡೆಗೆ ಅಕ್ಷರದ ಪಟ ತೂಗುಹಾಕಿದಿರಿ. ನಿಮ್ಮ ಹುಡುಗಿ ಕೋಲು ಹಿಡಿದು ಒಂದೊಂದೇ ಅಕ್ಷರ ತೋರಿಸಿದಳು. ಅವರು ಒಂದೊಂದನ್ನೂ ಹೇಳಿದರು, ಕೊನೆಯ ಸಾಲಿನ ಇರುವೆಯಂಥದನ್ನೂ. ನೀವು ಬೆನ್ನು ತಟ್ಟಿ "ಇಪ್ಪತ್ತರ ಹುಡುಗನ ಕಣ್ಣು" ಎಂದು ಸಹಿ ಮಾಡಿದಿರಿ. ಲೈಸೆನ್ಸೂ ಹೊಸದಾಯಿತು. ಕೋಲು ತೋರಿಸಿದರೆ ಅವರಿಗೆ ಕಾಣುತ್ತದೆ, ನಾನು ಇಲ್ಲವೆನ್ನುವುದಿಲ್ಲ. ಆದರೆ ರಸ್ತೆಯ ಮೇಲೆ ಕೋಲು ಹಿಡಿದು ನಿಂತು ಇದು ಎಮ್ಮೆ, ಇದು ಕಲ್ಲು, ಇವನು ಮನುಷ್ಯ ಎಂದು ತೋರಿಸುವ ಹುಡುಗಿಯನ್ನು ಇಲಾಖೆ ನೇಮಿಸಿದೆಯೇ?

ಆ ನೌಕರಿ ನನಗೆ ಸಿಕ್ಕಿತು. ಟಂಟಂ ಹೊರಟಾಗ ಅವರ ಎಡಕ್ಕೆ ಒತ್ತಿಕೊಂಡು ನಾನು ಕೂಡುತ್ತೇನೆ. "ಎಡಕ್ಕ ಸೈಕಲ್ ಬಂತ್ರಿ, ಎಡಕ್ಕ ಕುರಿ ಬಂದ್ವು" ಎಂದು ದಾರಿಯುದ್ದಕ್ಕೂ ಹೇಳುತ್ತೇನೆ. ಹಿಂದಿನ ಹೆಣ್ಣುಮಕ್ಕಳು ನಗುತ್ತಾರೆ: "ಈ ವಯಸ್ಸಿನ್ಯಾಗ ರೇವಕ್ಕಗ ಗಂಡನ್ನ ಬಿಟ್ಟಿರಾಕ ಆಗವಲ್ದು ನೋಡ್ರೆ!" ನಗಲಿ. ಅವರು ಕ್ಷೇಮವಾಗಿ ಮನೆ ಮುಟ್ಟಿದರೆ ಸಾಕಿತ್ತು.

ಒಂದು ದಿನ ತವರಿನಲ್ಲಿ ಸಾವಾಗಿ ನಾನು ಮಣ್ಣಿಗೆ ಹೋದೆ. ಅಂದು ನನ್ನ ಜಾಗದಲ್ಲಿ ಫಾತಿಮಾಬಿ ಕುಳಿತಳು. ನಮ್ಮ ಓಣಿಯವಳು, ನನ್ನ ಜೊತೆ ಕೂಲಿಗೆ ಬರುವವಳು. ಹಳ್ಳದ ಸೇತುವೆಯ ಎಡಗಡೆಯ ಕಟ್ಟೆಗೆ ಗಾಡಿ ಉಜ್ಜಿಕೊಂಡು ಹೋಯಿತು. ನಡುವೆ ಅವಳ ಮೊಣಕಾಲು ಇತ್ತು. ನನ್ನ ಗಂಡ ಶಬ್ದ ಕೇಳಿ ಗಾಡಿ ನಿಲ್ಲಿಸಿ "ಹಿಂದ ಯಾರರ ಗುದ್ದಿದರೇನು?" ಎಂದು ಕೇಳಿದರಂತೆ.

ಪಂಚನಾಮೆಗೆ ಬಂದವರು ನಿಮ್ಮ ಕಾಗದ ಓದಿದರು. "ಕಣ್ಣು ಬರೋಬ್ಬರಿ ಅದಾವು. ಆಕಿ ಕಾಲು ಹೊರಗ ಬಿಟ್ಟಕೊಂಡು ಕುಂತಿರಬೇಕು" ಎಂದರು. ಊರೂ ಹಾಗೇ ಎಂದಿತು. ಹೀಗೆ ತಪ್ಪು ಕಾಲು ಮುರಿದವಳ ಪಾಲಿಗೆ ಬಂತು. ನಾನು ನೋಡಲು ಹೋದಾಗ ಫಾತಿಮಾಬಿ ಅಂದಳು: "ನಾ ಕಾಲು ಒಳಗ ಇಟ್ಕೊಂಡಿದ್ದೆ ರೇವಕ್ಕಾ. ಅಣ್ಣಾರಿಗೆ ಗೊತ್ತಿಲ್ಲ. ನಿನಗಂತೂ ಗೊತ್ತೈತಿ." ಹೌದು, ನನಗೆ ಗೊತ್ತಿದೆ.

ಗಾಡಿಯ ಕೀಲಿ ಮುಚ್ಚಿಟ್ಟೆ. ಮೈದುನ ಕಾಶಿನಾಥ ಹುಡುಕಿ ತಂದು ಅಣ್ಣನ ಕೈಗೆ ಕೊಟ್ಟ. "ಸರಕಾರನ ಬರದಕೊಟ್ಟೈತಿ. ನೀ ಯಾವ ಡಾಕ್ಟರ್ ವೈನಿ?" ಎಂದ. ನನ್ನ ಗಂಡ ಸುಳ್ಳು ಹೇಳುವವರಲ್ಲ, ಹಟಮಾರಿಯೂ ಅಲ್ಲ. ತಮಗೆ ಎಲ್ಲ ಕಾಣುತ್ತದೆ ಎಂದು ಅವರು ಮನಸಾರೆ ನಂಬಿದ್ದಾರೆ. ಕಾಣದ್ದು ಏನೆಂದು ಅವರಿಗೆ ಯಾರು ತೋರಿಸಬೇಕು? ನಾನು ಹೇಳಿದರೆ ಹೆಂಡತಿಯ ಕಿರಿಕಿರಿ. ನೀವು ಹೇಳಿದರೆ ಕಾನೂನು.

ಅದಕ್ಕೇ ನಿಮ್ಮ ಕಚೇರಿಗೆ ಬಂದಿದ್ದೆ, ಹುಬ್ಬಳ್ಳಿಯ ಕಾಗದ ಹಿಡಿದುಕೊಂಡು. ನಿಮ್ಮ ಗುಮಾಸ್ತರು "ಅಕ್ಕಾರ, ಇಲ್ಲಿ ಕಣ್ಣಿದ್ದವರು ಕುರುಡಂತ ಬರಕೊಡ್ರಿ ಅಂತ ಬರ್ತಾರ. ನೀವೊಬ್ಬರ ಉಲ್ಟಾ ಬಂದೀರಿ. ಗಂಡನ ಜೋಡಿ ಜಗಳೇನು?" ಎಂದರು. ಸರದಿಯಲ್ಲಿದ್ದವರು ನಕ್ಕರು. ನೀವು ಕಾಗದವನ್ನು ನೋಡಿ "ಇದು ಮೆದುಳಿಂದು. ನಮ್ಮದು ಕಣ್ಣಿಂದಷ್ಟರಿ" ಎಂದು ತಿರುಗಿ ಕೊಟ್ಟಿರಿ. ನಾನು ಹಳ್ಳಿಯ ಶಾಲೆಯಲ್ಲಿ ಕಲಿತವಳು, ಇಲಾಖೆಗಳ ಗಡಿ ತಿಳಿಯದು. ಸರ್ಕಾರದಲ್ಲಿ ಕಣ್ಣು ಒಂದು ಖಾತೆ, ಮೆದುಳು ಇನ್ನೊಂದು ಖಾತೆ ಇರಬಹುದು. ನನ್ನ ಗಂಡನ ತಲೆಯಲ್ಲಿ ಅವೆರಡೂ ಒಂದೇ ಮನೆಯಲ್ಲಿವೆ.

ನಾನು ಪಿಂಚಣಿ ಕೇಳುತ್ತಿಲ್ಲ, ಪರಿಹಾರ ಕೇಳುತ್ತಿಲ್ಲ. ಅವರನ್ನು ಕರೆಸಿ ಎದುರು ಕೂಡಿಸಿಕೊಳ್ಳಿ. ಪಟ ಬೇಡ, ಕೋಲು ಬೇಡ. ನಿಮ್ಮ ಎರಡೂ ಕೈ ಅಗಲಿಸಿ ಬೆರಳು ಅಲ್ಲಾಡಿಸಿ. ಆಮೇಲೆ ಕಂಡದ್ದನ್ನು ಬರೆಯಿರಿ, ಮೊದಲು ಬರೆದದ್ದನ್ನು ರದ್ದು ಮಾಡಿ. ಕಾಲು ಹೊರಗೆ ಬಿಟ್ಟಿದ್ದಳು ಎಂದು ಬರೆದವರಿಗೂ ಅದರ ಪ್ರತಿ ಕಳಿಸಿ. ಮುಂದಿನ ಶಿಬಿರದಲ್ಲಿ ಲಕ್ವಾ ಹೊಡೆದವರು ಬಂದರೆ ಇಷ್ಟೇ ಮಾಡಿ. ಅದಕ್ಕೆ ಯಂತ್ರ ಬೇಕಿಲ್ಲ.

ಇದರ ಒಂದು ಪ್ರತಿಯನ್ನು ಪತ್ರಿಕೆಗೂ ಕೊಡುತ್ತಿದ್ದೇನೆ. ಅಲ್ಲಿ ಬಂದರೆ ಗಂಡನ ಮಾನ ಹೋಗುತ್ತದೆ ಎಂದು ಊರು ಅನ್ನುತ್ತದೆ. ಅನ್ನಲಿ. ಅವರೂ ಓದುತ್ತಾರೆ, ಪ್ರತಿ ಸಾಲಿನ ಬಲಗಡೆಯಷ್ಟನ್ನು. ಓದಿ ಏನು ತಿಳಿದುಕೊಳ್ಳುತ್ತಾರೋ ನಾನು ಯೋಚಿಸಿಲ್ಲ. ಶುಕ್ರವಾರದಿಂದ ಹತ್ತಿ ಬಿಡಿಸುವ ಕೂಲಿ ಶುರುವಾಗುತ್ತದೆ, ಟಂಟಂ ರಿಪೇರಿಯಾಗಿ ಬಾಗಿಲಲ್ಲಿ ನಿಂತಿದೆ. ನಾನು ಯೋಚಿಸುತ್ತಿರುವುದು ಅಷ್ಟನ್ನೇ.

ಉತ್ತರವನ್ನು ಅಂಚೆಗೆ ಹಾಕಬೇಡಿ, ಅದು ಮೊದಲು ಕಾಶಿನಾಥನ ಕೈಗೆ ಹೋಗುತ್ತದೆ. ಗುರುವಾರ ಫಾತಿಮಾಬಿಯ ಮಗಳು ಅತಿಯಾ ತಾಯಿಯ ಮೊಣಕಾಲಿನ ಔಷಧ ಒಯ್ಯಲು ನಿಮ್ಮ ದವಾಖಾನೆಗೆ ಬರುತ್ತಾಳೆ. ಅವಳ ಕೈಯಲ್ಲಿ ಕೊಡಿ. ಅವಳನ್ನು ಕೇಳಲು ನನಗೆ ಬಾಯಿ ಬರಲಿಲ್ಲ, ಆದರೂ ಕೇಳಿದೆ. "ತರ್ತೀನಿ ದೊಡ್ಡವ್ವಾ" ಎಂದಳು.

ಇಂತಿ,
ನೀವು ಕಣ್ಣು ಚೆನ್ನಾಗಿವೆ ಎಂದವರ ಎಡಗಡೆ ಕೂಡುವವಳು,
ರೇವವ್ವ