ದೊರೆಸಾನಿಯ ಹೃದಯ ಪರೀಕ್ಷೆ

ಲೆಕ್ಸಿಂಗ್‌ಟನ್, ಉತ್ತರ ಕ್ಯಾರೊಲೈನಾ
ಏಪ್ರಿಲ್ ೧೭, ಸೋಮವಾರ

ಮುದ್ದಿನ ಟೆಸ್ಸಾ,

ಹೇಗಿದ್ದೀಯೆ? ಊಟ ಸರಿಯಾಗಿ ಮಾಡುತ್ತಿದ್ದೀಯೋ, ಇಲ್ಲ ಹಡಗುಕಟ್ಟೆಯ ಗೇಟಿನ ಬಳಿ ಆ ಹಳಸಲು ಹಾಟ್‌ಡಾಗ್ ತಿಂದೇ ದಿನ ತಳ್ಳುತ್ತಿದ್ದೀಯೋ? ವೆಲ್ಡಿಂಗ್ ಮಾಡುವಾಗ ಸೊಕ್ಕಿನಿಂದ ಮುಖವಾಡ ತೆಗೆಯಬೇಡ, ಕಣ್ಣು ಎರಡೇ ಇರುವುದು. ನಾವು ಚೆನ್ನಾಗಿದ್ದೇವೆ. ನಿನ್ನ ಅಜ್ಜನ ಕಿವಿ ಇನ್ನಷ್ಟು ಮಂದವಾಗಿದೆ, ಅದರಿಂದ ಮನೆಯಲ್ಲಿ ಜಗಳ ಅರ್ಧಕ್ಕರ್ಧ ಕಡಿಮೆಯಾಗಿದೆ. ಟೊಮೇಟೊ ಸಸಿ ನೆಟ್ಟು ದಿನಾ ಅವುಗಳ ಜೊತೆ ಹರಟುತ್ತಾರೆ. ಅವು ಎದುರು ಮಾತಾಡುವುದಿಲ್ಲವಲ್ಲ, ಸುಖವಾಗಿದ್ದಾರೆ.

ಪತ್ರ ಯಾಕೆಂದರೆ, ಫೋನಿನಲ್ಲಿ ಆಸ್ಪತ್ರೆ ಎಂದ ಕೂಡಲೇ ನೀನು "ಅಜ್ಜಿ, ಸಿಗ್ನಲ್ ಇಲ್ಲ" ಎಂದು ಇಟ್ಟುಬಿಡುತ್ತೀಯೆ. ಕಾಗದಕ್ಕೆ ಸಿಗ್ನಲ್ ಬೇಡ. ಒಂಬತ್ತನೆಯ ವಯಸ್ಸಿನಲ್ಲಿ ನಿನ್ನ ಎದೆಯ ಗಡ್ಡೆಗೆ ವಿಕಿರಣ ಕೊಟ್ಟರು, ಗಡ್ಡೆ ಹೋಯಿತು, ನೀನು ಉಳಿದೆ. ಜೀವನಪೂರ್ತಿ ವರ್ಷಕ್ಕೊಮ್ಮೆ ಹೃದಯ ತೋರಿಸಬೇಕೆಂದು ಆಗಲೇ ಹೇಳಿದ್ದರು. ನಾಲ್ಕು ವರ್ಷದಿಂದ ನೀನು ಆ ಕಡೆ ತಲೆ ಹಾಕಿಲ್ಲವೆಂದು ನಿನ್ನಮ್ಮ ಅಳುತ್ತಾಳೆ. ನಾನು ಅಳುವವಳಲ್ಲ. ಹೋದ ಸಲ ಕೇಳಿದಾಗ ಏನೆಂದೆ? "ಮೆಟ್ಟಿಲು ಓಡ್ಕೊಂಡೇ ಹತ್ತುತ್ತೀನಿ ಕಣಜ್ಜಿ. ನಾನೇನು ನಿನ್ನ ಕೋತಿನಾ, ವರ್ಷಾ ವರ್ಷಾ ಚುಚ್ಚಿಸ್ಕೊಳ್ಳೋಕೆ?" ಸರಿ ತಾಯಿ, ನನ್ನ ಕೋತಿಯ ಸಮಾಚಾರವನ್ನೇ ಕೇಳು.

ನಾನು ದುಡಿಯುತ್ತಿದ್ದ ಕಾಲುಚೀಲದ ಗಿರಣಿ ಮುಚ್ಚಿದಂದಿನಿಂದ ಈ ಪ್ರಯೋಗಾಲಯದ ಕೋತಿಗಳ ಕೂಳು ನೀರು ನನ್ನ ಕೈಯಲ್ಲೇ. ಅವೆಲ್ಲ ಬೇರೆಲ್ಲೋ ಒಮ್ಮೆ ಜೋರಾದ ವಿಕಿರಣ ತಿಂದು, ಹೇಗೋ ಬದುಕುಳಿದು ಇಲ್ಲಿಗೆ ಬಂದವು. ಇಲ್ಲಿ ಯಾರೂ ಮತ್ತೆ ಕೊಡುವುದಿಲ್ಲ. ಮುಪ್ಪಿನವರೆಗೆ ಸಾಕುತ್ತಾ, ಒಳಗೆ ಏನಾಗುತ್ತದೆಂದು ನೋಡುತ್ತಾರೆ. ವರ್ಷಗಟ್ಟಲೆ ಏನೂ ಆಗುವುದಿಲ್ಲ. ತಿನ್ನುತ್ತವೆ, ಕಚ್ಚಾಡುತ್ತವೆ, ನನ್ನ ಮೇಲೆ ತಿಂಡಿ ಎಸೆಯುತ್ತವೆ. ಆಮೇಲೆ ಒಂದರ ಹೃದಯ ಹಳೆಯ ರಬ್ಬರಿನಂತೆ ಗಡುಸಾಗುತ್ತದೆ, ಇನ್ನೊಂದರ ಮೂತ್ರಪಿಂಡ ಸೋಲುತ್ತದೆ, ಮತ್ತೊಂದಕ್ಕೆ ಸಕ್ಕರೆ ಕಾಯಿಲೆ. ಹೊರಗಿನಿಂದ ನೋಡಿದರೆ ಗುಂಡುಕಲ್ಲು. ಒಬ್ಬ ಗಂಡು ಇದ್ದ, ಮೆಟ್ಟಿಲಲ್ಲ, ಗೋಡೆಯನ್ನೇ ಓಡಿ ಹತ್ತುತ್ತಿದ್ದ. ಹೋದ ವರ್ಷ ಒಂದು ಬೆಳಿಗ್ಗೆ ಏಳಲಿಲ್ಲ. ಆ ವಿಷಯ ಅಷ್ಟು ಸಾಕು.

ಅವರಲ್ಲೆಲ್ಲ ಹಿರಿಯಳು ದೊರೆಸಾನಿ. ಕಚೇರಿಯವರಿಗೆ ಅವಳು ಬರೀ ನಂಬರು, ಹೆಸರು ನಾನಿಟ್ಟದ್ದು. ಕಂಬಿಯ ಕಿಂಡಿಯಿಂದ ತೋಳು ಚಾಚಿದರೆ ರಕ್ತ ತೆಗೆದು ಒಂದು ದ್ರಾಕ್ಷಿ ಕೊಡುವುದು ಇಲ್ಲಿನ ವಾಡಿಕೆ. ಚಳಿಗಾಲದಿಂದ ಈ ಮಹಾರಾಯ್ತಿ ಒಲ್ಲೆನೆಂದು ಬೆನ್ನು ತಿರುಗಿಸಿ ಕುಳಿತಳು. ಮತ್ತಿನ ಮದ್ದು ಕೊಟ್ಟು ತೆಗೆಯೋಣವೆಂದರೆ ಈ ವಯಸ್ಸಿಗೆ ಎದ್ದಾಳೋ ಇಲ್ಲವೋ. ನಮ್ಮ ಪಶುವೈದ್ಯೆ ಪ್ರೂಯಿಟ್, ನಿನಗಿಂತ ಚಿಕ್ಕವಳು, ಕುಕ್ಕರುಗಾಲಿನಲ್ಲಿ ಕುಳಿತು "ಬಾರೇ ಚಿನ್ನ, ಬಾರೇ ನನ್ನಮ್ಮ" ಎಂದು ವಾರವಿಡೀ ಬೇಡಿದಳು. ನನಗೆ ತಲೆ ಕೆಟ್ಟುಹೋಯಿತು. "ಸಾಕು ನಿನ್ನ ಪೂಸಿ, ಈ ಕಡೆ ತಿರುಗು. ನನ್ನ ತೋಳಿಗೆ ಪಟ್ಟಿ ಕಟ್ಟು, ಚುಚ್ಚಿದ ಹಾಗೆ ಮಾಡು, ದ್ರಾಕ್ಷಿ ನನಗೆ ಕೊಡು" ಎಂದೆ. ಕೊಟ್ಟಳು. ಆದರೆ ಅಲ್ಲಿ ನಮಗೆ ಬಾಯಿಗೆ ಬಟ್ಟೆ, ಅದರ ಮೇಲೊಂದು ಪರದೆ, ತಿನ್ನುವುದೆಲ್ಲಿ? ಮೆಲ್ಲಗೆ ಜೇಬಿಗೆ ಇಳಿಸಿ, ಜೇಬನ್ನು ತಟ್ಟಿದೆ. ದೊರೆಸಾನಿ ನೋಡಿದಳು. ದ್ರಾಕ್ಷಿಯನ್ನು ತಿನ್ನದೆ ಬಚ್ಚಿಡುವ ಅನ್ಯಾಯವನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಕಿರುಚಿದಳು, ಕಂಬಿ ಹಿಡಿದು ಗಡಗಡ ಅಲುಗಿಸಿದಳು. ನಾನು ಇನ್ನೊಂದಕ್ಕೆ ತೋಳು ಎತ್ತಿದೆ ನೋಡು, ನನಗಿಂತ ಮೊದಲೇ ಅವಳ ತೋಳು ಹೊರಗೆ, ಭುಜದ ತನಕ! ಪ್ರೂಯಿಟ್ ನಗುತ್ತಾ ಸೂಜಿಯನ್ನೇ ಮರೆತಿದ್ದಳು. "ಲೇ, ನಗೋದು ಆಮೇಲೆ, ಮೊದಲು ರಕ್ತ ತೆಗಿ!" ಎಂದು ಗದರಿಸಬೇಕಾಯಿತು.

ಹೃದಯ ದಣಿಯುತ್ತಿರುವುದು ಆ ರಕ್ತದಲ್ಲಿ ಕಂಡಿತು. ಶುರುವಿನಲ್ಲೇ ಸಿಕ್ಕಿತು, ತಡವಾಗಿದ್ದರೆ ಕಷ್ಟವಿತ್ತು ಎಂದಳು ಪ್ರೂಯಿಟ್. ಈಗ ಬೇಯಿಸಿ ಅರೆದ ಸೇಬಿನಲ್ಲಿ ಮಾತ್ರೆ ಅಡಗಿಸಿ ಕೊಡುತ್ತೇವೆ. ಹಳೆಯ ಕೊಬ್ಬು ವಾಪಸು ಬಂದಿದೆ. ಮೊನ್ನೆ ನನ್ನ ಕೈಗವಸು ಕಿತ್ತುಕೊಂಡು ಟೋಪಿಯ ಹಾಗೆ ತಲೆಗೇರಿಸಿ ಮೆರೆಯುತ್ತಿದ್ದಳು. ಕೋತಿ ನೀನಲ್ಲ ಬಿಡು ಟೆಸ್ಸಾ, ಕೋತಿಗೆ ಕೊನೆಗಾದರೂ ಬುದ್ಧಿ ಬಂತು.

ಅಜ್ಜ ಮುತ್ತು ಕಳಿಸಿದ್ದಾರೆ. ದೇವರು ನಿನ್ನನ್ನು ಕಾಯಲಿ, ನೀನೂ ಅವನಿಗೆ ಸ್ವಲ್ಪ ಕೈ ಜೋಡಿಸು.

ನಿನ್ನ ಅಜ್ಜಿ,
ಲುರೀನ್

ಬಿಟ್ಟುಹೋದ ಮಾತು: ಅಂಚೆಗಾಡಿ ಬರುತ್ತಿದೆ, ಬೇಗ ಬರೆಯುತ್ತೇನೆ. ಅವತ್ತೇ ಪ್ರೂಯಿಟ್ "ಲುರೀನಮ್ಮ, ನಾಟಕ ಚೆನ್ನಾಗಿತ್ತು, ಈಗ ಕೆಳಗೆ ಹೋಗಿ ನರ್ಸಿಗೆ ನಿಜವಾಗ್ಲೂ ತೋರಿಸಿ" ಎಂದು ನನ್ನನ್ನು ಅಟ್ಟಿದಳು. ರಕ್ತದೊತ್ತಡ ಮುಗಿಲಿಗೇರಿದೆಯಂತೆ, ಎದೆಬಡಿತ ಎಡವುತ್ತಿದೆಯಂತೆ. ನನ್ನದು ವಿಕಿರಣದ್ದಲ್ಲ, ಎಪ್ಪತ್ತು ವರ್ಷದ ಹಂದಿಮಾಂಸದ್ದು. ಮೇ ಐದು, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ವಿನ್‌ಸ್ಟನ್ ಪಟ್ಟಣದ ಹೃದಯದ ಡಾಕ್ಟರ ಬಳಿ ನನ್ನ ಸರದಿ. ಹತ್ತೂವರೆಗೆ ನಿನ್ನದು, ನಾನೇ ಹೆಸರು ಬರೆಸಿದ್ದೇನೆ. ನೀನು ಬಂದು ಪಕ್ಕದಲ್ಲಿ ಕೂರುವವರೆಗೆ ನಾನು ಒಳಗೆ ಕಾಲಿಡುವುದಿಲ್ಲ. ನಿನ್ನಮ್ಮನಿಗಾಗಲಿ ಅಜ್ಜನಿಗಾಗಲಿ ಹೇಳಿಲ್ಲ. ಗೊತ್ತಿರುವವಳು ನೀನೊಬ್ಬಳೇ.