ಮೆಲಾತಿಯ ಬಾಗಿಲಿಗೆ ಇಬ್ಬರು

ಕ್ಲಾತೆನ್, ಜಾವಾ
ಗುರುವಾರ, 17 ಜೂನ್ 1999

ಮುದ್ದಿನ ಮೊಮ್ಮಗಳು ಲಾರಸ್‌ಗೆ,

ಹೇಗಿದ್ದೀಯೇ ನನ್ನ ರಾಜಕುಮಾರಿ? ತೈವಾನಿನ ಮಳೆಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ನೀನು ನೋಡಿಕೊಳ್ಳುವ ಆ ಮುದುಕಮ್ಮ ಈಗಲಾದರೂ ಉಗುಳದೆ ಗಂಜಿ ಕುಡಿಯುತ್ತಾರೆಯೇ? ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಜ್ಜಿಗೆ ಮಂಡಿನೋವು, ನಾಲಿಗೆಗೆ ಮಾತ್ರ ಏನೂ ಆಗಿಲ್ಲ. ನಿನ್ನ ಹೆಬ್ಬಾವು ಮೆಲಾತಿ ಮೊನ್ನೆ ಪೊರೆ ಬಿಟ್ಟಳು. ಅಂಗಳದಲ್ಲಿ ಹಾಸಿ ಅಳೆದರೆ ಹದಿನೆಂಟು ಅಡಿ, ರಾಣಿಯ ಸೆರಗಿನ ಹಾಗೆ.

ನಿನ್ನ ತೀರ್ಪು ಓದಿದೆ. 'ಅಜ್ಜಾ, ನಿನಗೆ ಎಪ್ಪತ್ತೊಂದು ವರ್ಷ, ಅವಳು ಐವತ್ತೈದು ಕಿಲೊ. ಮುಂದಿನ ತಿಂಗಳ ಮೊದಲ ಭಾನುವಾರ ಸೋಲೊ ಪಟ್ಟಣದಿಂದ ಹಾವು ಸಾಕುವವರೊಬ್ಬರು ಬಂದು ಅವಳನ್ನು ಒಯ್ಯುತ್ತಾರೆ' ಅಂತ. ನನ್ನ ತೋಳಿನ ಗಾಯದ ಪಟ್ಟಿಯ ಸುದ್ದಿ ಅಜ್ಜಿ ಮುಟ್ಟಿಸಿದ್ದಾಳೆ, ಗೊತ್ತಾಯಿತು. ಆದರೆ ಅರ್ಧ ಕಥೆ ಹೇಳಿದ್ದಾಳೆ. ಉಳಿದರ್ಧ ನಾನು ಹೇಳುತ್ತೇನೆ, ಕೇಳು.

ನೀನು ಅವಳ ಗೂಡಿನ ಗೋಡೆಗೆ ಅಂಟಿಸಿದ ನಿಯಮಗಳ ಹಾಳೆಯಂತೆಯೇ ನಡೆಯುತ್ತಿದ್ದೆ ಮಗಳೇ. ಮೂರು ವಾರಕ್ಕೊಮ್ಮೆ ಮೊಲ, ಉಂಡ ಮೇಲೆ ವಾರದವರೆಗೆ ಮುಟ್ಟುವಂತಿಲ್ಲ, ದಿನಾ ನೀರಿನ ತೊಟ್ಟಿ ಉಜ್ಜಬೇಕು. ನನ್ನ ಬೆನ್ನನ್ನು ಯಾರೂ ಇಷ್ಟು ಉಜ್ಜಿದ್ದಿಲ್ಲ. ತೊಡಕಾದದ್ದು ಮೊದಲ ಸಾಲು: ಇಬ್ಬರಿಲ್ಲದೆ ಗೂಡಿನ ಬಾಗಿಲು ತೆಗೆಯಬಾರದು. ನಿನ್ನ ಅಣ್ಣ ಕೆಲಸ ಸಿಕ್ಕಿ ಸೆಮಾರಾಂಗಿಗೆ ಹೋದ ಮೇಲೆ ಎರಡನೆಯವರು ಯಾರು? ಅಜ್ಜಿಯನ್ನು ಕರೆದೆ. "ಇಡೀ ಪಾತ್ರೆ ಅನ್ನ ನುಂಗೋ ಒಬ್ಬನನ್ನ ಕಟ್ಟಿಕೊಂಡಿದ್ದೀನಿ, ಸಾಲದಾ?" ಅಂದಳು.

ಗಾಯವಾದ ದಿನ ಮಧ್ಯಾಹ್ನ ಓಣಿಯ ಮನೆಯೊಂದರಲ್ಲಿ ಪ್ರಾರ್ಥನೆಯ ಊಟ. ಇಡೀ ಕೋಳಿ ಬೇಯಿಸಿದ್ದರು. ಐದು ಬೆರಳೂ ಅದ್ದಿ ಉಂಡೆ, ಎಲ್ಲರಂತೆ ನಿಂಬೆಹೋಳು ಹಾಕಿದ ನೀರಿನ ಬಟ್ಟಲಲ್ಲಿ ಬೆರಳು ಅದ್ದಿ ತೆಗೆದೆ. ಸೋಪು ಹಾಕಿ ತೊಳೆಯಲಿಲ್ಲ, ಅದೇ ನನ್ನ ತಪ್ಪು. ಒಬ್ಬನೇ ಬಾಗಿಲು ತೆಗೆದು ತೊಟ್ಟಿಗೆ ಕೈ ಹಾಕಿದೆ. ಮೆಲಾತಿಗೆ ಕಂಡದ್ದು ಅಜ್ಜನಲ್ಲ, ಕೋಳಿ. ಕಣ್ಣು ಮಿಟುಕಿಸುವಷ್ಟರಲ್ಲಿ ತೋಳು ಅವಳ ಬಾಯಲ್ಲಿ, ಭುಜದವರೆಗೆ ಅವಳ ಸುತ್ತು.

ಅಬ್ಬರಿಸಿದೆ ನೋಡು, ನಲವತ್ತು ವರ್ಷ ರಂಗದ ಮೇಲೆ ರಾಜನಾಗಿ ಮೆರೆದ ಗಂಟಲು. ಓಣಿಯವರೆಲ್ಲ ಕೇಳಿದರು, ಯಾರೂ ಏಳಲಿಲ್ಲ. "ಮುದುಕ ತಾಲೀಮು ಶುರು ಮಾಡಿದ" ಅಂತ ಗೆಣಸು ಸುಲಿಯುತ್ತಾ ಕೂತರಂತೆ.

ಬೇಲಿ ಹಾರಿ ಬಂದವನು ಒಬ್ಬನೇ, ತುಕಿರಾನ್. ನಮ್ಮ ಮಂಡಳಿಯಲ್ಲಿ ಸದಾ ರಾಕ್ಷಸನ ಪಾತ್ರ ಮಾಡುತ್ತಿದ್ದವನು. ಕೊನೆಯ ಪ್ರದರ್ಶನದಲ್ಲೂ ಕಿರೀಟ ನನಗೇ ಬಂತೆಂದು ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದ. ಬಂದವನು ಕನ್ನಡಕ ಏರಿಸಿ ನಿನ್ನ ಹಾಳೆ ಓದತೊಡಗಿದ. "ಲೋ, ಆಮೇಲೆ ಓದೋ" ಅಂದರೆ, "ಸುಮ್ನಿರು, ಬಾಲದಿಂದ ಬಿಡಿಸಬೇಕಂತೆ" ಅಂತ ಬಾಲ ಹಿಡಿದು ಒಂದೊಂದೇ ಸುತ್ತು ಬಿಚ್ಚಿದ. ಕೊನೆಗೆ ಅವಳ ಮೂತಿಗೆ ತಣ್ಣೀರು ಹೊಯ್ದ. ಬಿಟ್ಟಳು.

"ನಿನಗೆ ಹೇಗೋ ಗೊತ್ತಾಯ್ತು?" ಕೇಳಿದೆ.

"ಮೂವತ್ತು ವರ್ಷ ರಂಗದ ಮೇಲೆ ನೀನು ಸಾಯೋದನ್ನ ಪಕ್ಕದಲ್ಲೇ ನಿಂತು ನೋಡಿದ್ದೀನಿ. ಇಷ್ಟು ಚೆನ್ನಾಗಿ ಯಾವತ್ತೂ ಸತ್ತಿರಲಿಲ್ಲ. ಅದಕ್ಕೇ ಅನುಮಾನ ಬಂತು" ಅಂದ.

ನೆಲದ ಮೇಲೆ ಕೂತು ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ರಕ್ತ ಒರೆಸಲು ಬಂದ ಅಜ್ಜಿ ಇಬ್ಬರಿಗೂ ಬೈದಳು. ಆವತ್ತಿನಿಂದ ಸಂಜೆ ನಾಲ್ಕಕ್ಕೆ ತುಕಿರಾನ್ ಹಾಜರು. ಸೋಪು ಹಚ್ಚಿ ತೊಳೆದ ಕೈಗಳನ್ನು ಒಬ್ಬರದನ್ನೊಬ್ಬರು ಮೂಸಿ ನೋಡಿಯೇ ಬಾಗಿಲು ತೆಗೆಯುವುದು. ಅವನು ಬಾಲದ ಕಡೆ, ನಾನು ತಲೆಯ ಕಡೆ. ಅದಕ್ಕೂ ದಿನಾ ಜಗಳ.

ಹೊತ್ತಿಗೆ ಸರಿಯಾಗಿ ಉಣ್ಣು, ಮಳೆಯಲ್ಲಿ ನೆನೆಯಬೇಡ. ದೇವರು ನಿನ್ನನ್ನು ನಗುನಗುತ್ತಿರುವಂತೆ ಇಡಲಿ.

ನಿನ್ನ ಅಜ್ಜ,
ಸುಮಾರ್ತೊ

ಮರೆತಿದ್ದೆ: ಆ ಸೋಲೊದವರಿಗೆ ಬರುವುದು ಬೇಡವೆಂದು ಈ ಕಾಗದ ಸಿಕ್ಕ ದಿನವೇ ತಿಳಿಸು. ಮೆಲಾತಿ ಹೋದರೆ ತುಕಿರಾನ್ ನಮ್ಮ ಮನೆಗೆ ಬರಲು ಬೇರೆ ನೆಪ ಹುಡುಕಬೇಕು, ನಾನು ಅದನ್ನು ನಂಬಿದಂತೆ ನಟಿಸಬೇಕು. ನಿಜ ಹೇಳುತ್ತೇನೆ ಮಗಳೇ, ನಾವಿಬ್ಬರೂ ಅಷ್ಟು ಒಳ್ಳೆಯ ನಟರಲ್ಲ.