ಬೊಂಟೆಯ ಬೆದೆಯ ಲೆಕ್ಕ

ಫೆಬ್ರವರಿ 27, ಮಂಗಳವಾರ. ಬೆಳಿಗ್ಗೆ 10.40

ಹತ್ತು ಗಂಟೆಗೆ ಶುರುವಾದ ಪಾಳಿ ಮುಗಿಯಿತು. ಅರ್ಧ ಗಂಟೆ ನಿಂತು ನೋಡುವುದು, ಒಂದೂವರೆ ಗಂಟೆ ಬಿಡುವು, ಮತ್ತೆ ನೋಡುವುದು. ಹಸು ಇನ್ನೊಂದರ ಹಿಂಭಾಗ ಮೂಸಿದರೆ ಹತ್ತು ಪಾಯಿಂಟ್. ಬೆನ್ನ ಮೇಲೆ ಗದ್ದ ಇಟ್ಟರೆ ಹದಿನೈದು. ಮೇಲೆ ಹತ್ತಿದರೆ ಮೂವತ್ತೈದು. ಹತ್ತಿಸಿಕೊಂಡು ಅಲುಗದೆ ನಿಂತರೆ ನೂರು. ಮೂವತ್ತು ವರ್ಷ ದನ ನೋಡಿದವಳು ಈ ವಯಸ್ಸಿನಲ್ಲಿ ಶೀಟು, ಪೆನ್ಸಿಲ್ ಹಿಡಿದು ಶಾಲೆ ಹುಡುಗಿ ಆಗಿದ್ದೇನೆ.

ಬೊಂಟೆ ಇವತ್ತು ಬೆದೆಗೆ ಬರಬೇಕಿತ್ತು. ಶೀಟಿನಲ್ಲಿ ಅವಳು 417, ಹೆಸರು ಬರೆಯುವ ಹಾಗಿಲ್ಲ. ಬೆಳಿಗ್ಗೆಯಿಂದ ಬರೀ ಹತ್ತು ಪಾಯಿಂಟ್. ಸರಳಿನ ಹತ್ತಿರ ನನ್ನ ಪಕ್ಕಕ್ಕೆ ಬಂದು ನಿಂತವಳು ಅರ್ಧ ಗಂಟೆಯೂ ಕದಲಲಿಲ್ಲ. ಏನಾಗಿದೆ ಇವಳಿಗೆ?

ಮಾರ್ಚ್ 2

ಹಾಲಿನ ಪರೀಕ್ಷೆ ಬಂತು. ಬೊಂಟೆಗೆ ಬೆದೆ ಬಂದಿತ್ತಂತೆ. ಮೂಕ ಬೆದೆ. ಪ್ರಯೋಗ ನಡೆಸುವ ಫ್ಲೂರ್‌ಗೆ ಖುಷಿಯೋ ಖುಷಿ. ಪಿಎಚ್‌ಡಿಗೆ ನಾಲ್ಕು ವರ್ಷ ಇದನ್ನೇ ಕಾದಿದ್ದಾಳೆ ಪಾಪ.

"ನಮಗೆ ಇಂಥವೇ ಬೇಕಿತ್ತು ಹಿಸ್ಕೆ! ಒಳಗೆ ಎಲ್ಲಾ ಸರಿಯಿದೆ, ಹೊರಗೆ ಮಾತ್ರ ತೋರಿಸ್ತಿಲ್ಲ. ಹಾಗಾದ್ರೆ ವ್ಯತ್ಯಾಸ ಮಿದುಳಲ್ಲೇ ಇರಬೇಕಲ್ವಾ? ಯಾವ ಜೀನು ಕೆಲಸ ಮಾಡ್ತಿದೆ, ಯಾವುದು ಮಲಗಿದೆ ಅಂತ ನೋಡಬಹುದು."

ನೋಡಬಹುದು. ಕೊಂದ ಮೇಲೆ. ಪ್ರಯೋಗದ ನಲವತ್ತು ಹಸುಗಳಲ್ಲಿ ಅತಿ ಹೆಚ್ಚು ಪಾಯಿಂಟಿನ ಎಂಟು, ಅತಿ ಕಡಿಮೆಯ ಎಂಟು ಕಸಾಯಿಖಾನೆಗೆ. ನಡುವಿನ ಇಪ್ಪತ್ತನಾಲ್ಕು ಮಂದೆಗೆ ವಾಪಸ್. ಇದನ್ನು ಮೊದಲ ದಿನವೇ ಹೇಳಿದ್ದರು. ತಲೆಯಾಡಿಸಿ ಸಹಿ ಹಾಕಿದವಳು ನಾನೇ. ಬೊಂಟೆ ಕೊನೆಯ ಎಂಟರಲ್ಲಿ ಬೀಳುತ್ತಾಳೆ ಅಂತ ಆಗ ಹೊಳೆಯಲೇ ಇಲ್ಲ... ಎರಡನೇ ಬೆದೆ ಈ ತಿಂಗಳ ಇಪ್ಪತ್ತಕ್ಕೆ. ಎರಡರ ಸರಾಸರಿ ಲೆಕ್ಕಕ್ಕೆ.

ಬೊಂಟೆಯನ್ನು ಹೆತ್ತ ದಿನವೇ ಅವಳ ತಾಯಿ ಸತ್ತಿತ್ತು. ಐದು ವರ್ಷದ ಹಿಂದೆ, ಜನವರಿಯ ಬಿರುಗಾಳಿಯಲ್ಲಿ. ಮೂರು ವಾರ ನನ್ನ ಅಡುಗೆಮನೆಯಲ್ಲಿ ಒಲೆಯ ಪಕ್ಕ ಮಲಗಿಸಿ ಬಾಟಲಿಯಲ್ಲಿ ಹಾಲು ಕುಡಿಸಿದ್ದೇನೆ. ಪರದೆ ತಿಂದಿದ್ದಳು, ಕಳ್ಳಿ.

ಮಾರ್ಚ್ 6

ಕಾಫಿ ಹೊತ್ತಿನಲ್ಲಿ ವೀಬ್ರನ್. ಇನ್ನೊಂದು ಪಾಳಿ ಅವನದು. ಬಿಸ್ಕತ್ತು ಅದ್ದಿಕೊಂಡು ಹೇಳುತ್ತಾನೆ —

"ಅಲ್ವೇ ಹಿಸ್ಕೆ, ಅಮ್ಮ ಪಕ್ಕದಲ್ಲೇ ಕಾವಲು ನಿಂತಿದ್ರೆ ಯಾವ ಮಗಳು ಕುಣೀತಾಳೆ ಹೇಳು?"

"ನಿನ್ನ ಪಾಳೀಲೂ ಅವಳದು ಸೊನ್ನೆನೇ ಅಲ್ವೇನೋ."

"ನನ್ನ ಪಾಳೀಲಿ ಬಾಗಿಲ ಕಡೆ ಮುಖ ಮಾಡ್ಕೊಂಡು ನಿಂತಿರ್ತಾಳೆ ಮಾರಾಯ್ತಿ. ನೀನು ಬರ್ತೀಯೇನೋ ಅಂತ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಸೆಗಣಿ ಎಳೆಯುತ್ತಾ ನೆನಪಾಯಿತು. ಮೊದಲ ಬೆದೆಯ ದಿನ ಬೊಂಟೆ ಸುಮ್ಮನೆ ನಿಂತಿರಲಿಲ್ಲ. ಗದ್ದ ತಂದು ನನ್ನ ಹೆಗಲ ಮೇಲೆ ಇಡುತ್ತಿದ್ದಳು. ತಳ್ಳಿದರೆ ಮತ್ತೆ ಇಡುತ್ತಿದ್ದಳು. ಏಳೆಂಟು ಸಲ! ಹಸುವಿನ ಮೇಲೆ ಇಟ್ಟಿದ್ದರೆ ಒಂದೊಂದಕ್ಕೂ ಹದಿನೈದು. ಹಿಸ್ಕೆಯ ಮೇಲೆ ಇಟ್ಟರೆ ಶೀಟಿನಲ್ಲಿ ಜಾಗವೇ ಇಲ್ಲ.

ಮೂಕಿ ಅಲ್ಲ ಅವಳು. ಹೇಳುತ್ತಲೇ ಇದ್ದಳು, ನನಗೆ ಹೇಳುತ್ತಿದ್ದಳು. ಕಣ್ಣಿದ್ದೂ ಕುರುಡಿ ನಾನು.

ಮಾರ್ಚ್ 8

ಫ್ಲೂರ್‌ಗೆ ಹೇಳಿಬಿಟ್ಟೆ. ತನ್ನ ಅಪರೂಪದ ಹಸು ಕೈಬಿಟ್ಟಿತೆಂದು ರೇಗುತ್ತಾಳೆ ಅಂದುಕೊಂಡಿದ್ದೆ. ರೇಗಲಿಲ್ಲ.

"ಒಳ್ಳೇದು ಮಾಡಿದ್ರಿ. ಇಲ್ದಿದ್ರೆ ಸರಿಯಿರೋ ಮಿದುಳನ್ನ ತಪ್ಪು ಗುಂಪಿಗೆ ಹಾಕ್ತಿದ್ದೆ. ಇವಳ ಮೊದಲನೇ ಬೆದೆ ಹೊಡೆದುಹಾಕೋಣ. ಎರಡನೇದೊಂದೇ ಲೆಕ್ಕಕ್ಕೆ. ನೀವು ಅಟ್ಟದ ಕಿಂಡಿಯಿಂದ ನೋಡಿ. ಅವಳಿಗೆ ಕಾಣಬೇಡಿ, ವಾಸನೇನೂ ಸಿಗಬಾರದು. ಅವತ್ತು ಇಡೀ ದಿನ ಕೆಳಗೆ ಇಳೀಬೇಡಿ."

ಹೆಚ್ಚಿನ ಹಸುಗಳದ್ದು ನಾನೂರು, ಐನೂರು. ಅಷ್ಟು ಬಂದರೆ ಸಾಕು. ನಡುವೆ ಬಿದ್ದಳು, ಉಳಿದಳು. ಮನೆಗೆ ಬಂದು ಬಟಾಣಿ ಸೂಪು ಎರಡು ಬಟ್ಟಲು ಕುಡಿದೆ. ವಾರದಿಂದ ಉಂಡಿಲ್ಲ ಅನ್ನುವಷ್ಟು ಹಸಿವು.

ಮಾರ್ಚ್ 20, ಬೆಳಿಗ್ಗೆ 8.40

ಅಟ್ಟದಲ್ಲಿ. ಹುಲ್ಲಿನ ಧೂಳು, ಸೀನು ತಡೆದುಕೊಂಡು ಕೂತಿದ್ದೇನೆ. ಶುರು ಮಾಡಿದ್ದಾಳೆ! ಮೂಸಿದಳು, ಗದ್ದ ಇಟ್ಟಳು, ಒಮ್ಮೆ ಹತ್ತಿದಳು. 95. ಜಾಣೆ.

10.40

ಒಟ್ಟು 330. ಇನ್ನು ಸ್ವಲ್ಪ.

12.35

520. ಸಾಕು ಬೊಂಟೆ. ಇಲ್ಲಿಗೆ ನಿಲ್ಲಿಸು.

2.35

ನಿಲ್ಲಿಸುತ್ತಿಲ್ಲ. 790. ಇಷ್ಟು ಜೋರಿನ ಬೆದೆ, ಹೀಗೇ ಹೋದರೆ ಅತಿ ಹೆಚ್ಚಿನ ಎಂಟಕ್ಕೆ ಬೀಳುತ್ತಾಳೆ. ಇಷ್ಟೆಲ್ಲಾ ಒಳಗಿತ್ತು, ನಾನು ಎದುರಿಗಿದ್ದದ್ದಕ್ಕೆ ಅದುಮಿಟ್ಟುಕೊಂಡಿದ್ದಳೇ? ಕಿಂಡಿಯಿಂದ ಕೂಗಿಬಿಡಲೇ? ನನ್ನ ದನಿ ಕೇಳಿದರೆ ಸಾಕು, ಎಲ್ಲ ಬಿಟ್ಟು ಓಡಿಬರುತ್ತಾಳೆ. ಕೂಗಲಿಲ್ಲ. ಬಾಯಿಗೆ ಕೈ ಒತ್ತಿಕೊಂಡೆ.

4.40

ಕೊನೆಯ ಎರಡು ನಿಮಿಷದಲ್ಲಿ ಒಂದು ಹಸು ಹತ್ತಿತು. ಅಲುಗದೆ ನಿಂತಳು. ನೂರು. ನೋಡಿದವಳು ನಾನೊಬ್ಬಳೇ. ಪೆನ್ಸಿಲ್ ಎತ್ತಿ, ಕೆಳಗಿಟ್ಟು, ಮತ್ತೆ ಎತ್ತಿದೆ. ಫ್ಲೂರ್ ಅಷ್ಟು ನಂಬಿ ಕೊಟ್ಟ ಶೀಟು. "ತಪ್ಪು ಗುಂಪಿಗೆ" ಅಂದಿದ್ದಳು. ಬರೆದೆ.

ಒಟ್ಟು 1,015.

ಮಾರ್ಚ್ 23, ಶುಕ್ರವಾರ

ಪಟ್ಟಿ ಕಾಫಿ ಕೋಣೆಯ ಗೋಡೆಗೆ. ಹೆಚ್ಚು ಪಾಯಿಂಟಿನವುಗಳ ಎಂಟನೇ ಸಾಲು — 417, ಒಟ್ಟು 1,015. ವೀಬ್ರನ್ ಪಾಳಿಯಲ್ಲಿ ಏನೂ ಸೇರಿಲ್ಲ. ಒಂಬತ್ತನೆಯದು 990.

ಇಪ್ಪತ್ತೈದು ಪಾಯಿಂಟ್.

ಆ ನೂರು ಬರೆಯದಿದ್ದರೆ... ಬಾಯಿ ಮುಚ್ಚಿಕೊಂಡಿದ್ದರೂ ಸಾಯುತ್ತಿದ್ದಳು, ನಿಜ. ಕಡಿಮೆಯ ಎಂಟರಲ್ಲಿ. ಬಾಯಿ ಬಿಟ್ಟೆ, ಇನ್ನೊಂದು ತುದಿಗೆ ಒಯ್ದು ಹಾಕಿದೆ. ನ್ಯಾಯವಾಗಿ ಮಾಡಿದ್ದೇನೆ ಅಂತ ನನಗೆ ನಾನೇ ಎಷ್ಟು ಸಲ ಹೇಳಿಕೊಂಡರೂ ಸೂಪು ಬಟ್ಟಲಲ್ಲೇ ಉಳಿಯುತ್ತಿದೆ.

ಫ್ಲೂರ್ ಕಣ್ಣು ಕೆಂಪು ಮಾಡಿಕೊಂಡು ಬಂದಳು. "ಹಿಸ್ಕೆ, ನಾನು ಬೇಕಿದ್ರೆ..." ಅಂದಳು. ಏನು ಬೇಕಿದ್ದರೆ? ಕೇಳಬೇಕಿತ್ತು. "ಲೆಕ್ಕ ಅಂದ್ರೆ ಲೆಕ್ಕ" ಅಂದುಬಿಟ್ಟೆ, ದೊಡ್ಡ ಮನುಷ್ಯರ ಹಾಗೆ. ಥೂ.

ಏಪ್ರಿಲ್ 10. ಬೆಳಿಗ್ಗೆ 9

ಟ್ರಕ್ಕು ಏಳಕ್ಕೇ ಬಂತು. ವೀಬ್ರನ್ "ಒಳಗೆ ಹೋಗು, ನಾವು ನೋಡ್ಕೋತೀವಿ" ಅಂದ. ಹೋಗಬೇಕಿತ್ತು.

ಉಳಿದವು ಹತ್ತಿದವು. ಬೊಂಟೆ ಟ್ರಕ್ಕಿಗೆ ಹತ್ತುವ ಹಲಗೆಯ ಬುಡದಲ್ಲಿ ಕಾಲೂರಿ ನಿಂತುಬಿಟ್ಟಳು. ಡ್ರೈವರ್ ಕೋಲು ತೆಗೆದ.

"ಹೊಡೀಬೇಡ," ಅಂದೆ. "ನಾನು ಕರೀತೀನಿ."

ಟ್ರಕ್ಕಿನೊಳಗೆ ಹತ್ತಿ ಒಂದೇ ಸಲ ಕರೆದೆ. ಬಂದಳು. ಕಿವಿ ಮುಂದೆ ಮಾಡಿಕೊಂಡು, ಎಲ್ಲಿಗೋ ಹೊರಟವರ ಹಾಗೆ. ಹಿಂದಿನ ಹಲಗೆ ಎತ್ತಿದರು. ನಾನು ಪಕ್ಕದ ಸಣ್ಣ ಬಾಗಿಲಿನಿಂದ ಇಳಿದೆ. ಅವಳೂ ಅದೇ ಬಾಗಿಲಿಗೆ ಬಂದಳು. ಮೈ ಹಿಡಿಸುವುದಿಲ್ಲ, ತಲೆ ಮಾತ್ರ ಹೊರಗೆ. ತಲೆ ಒಳಗೆ ಹೋಗದೆ ಬಾಗಿಲು ಹಾಕುವಂತಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೇರೆ ಯಾರು ಮುಟ್ಟಿದರೂ ಹಿಂದೆ ಸರಿಯುತ್ತಿರಲಿಲ್ಲ ಅವಳು. ನಾನೇ ಅವಳ ಹಣೆಯ ಮೇಲೆ ಕೈ ಇಟ್ಟು ಒಳಗೆ ತಳ್ಳಿದೆ.